ಆ ಕಡೆಯವರು, ಈ ಕಡೆಯವರು: ಗಡಿ ದಾಟಿ ಕುಡಿಯಲು ಬಂದವರ ಕಥೆ

ಈ ಸಲದ ಸಂಚಿಕೆ ಮೂರು ವಾರ ತಡ ಆಗಿದೆ. ಬೈದವರಿಗೂ, ಬೈಯದೆ ಕಾಯ್ದವರಿಗೂ ಮೊದಲು ಒಂದು ಕ್ಷಮೆ ಕೇಳ್ತೀನಿ. ತಡ ಆಗೋಕೆ ಏನು ಕಾರಣವೋ ಅದೇ ಈ ಸಂಚಿಕೆಯ ವಿಷಯ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಎರಡು ತಿಂಗಳ ಹಿಂದೆ ಬೆಂಗಳೂರಿನ ಒಬ್ಬ ಕೇಳುಗರಿಂದ ಮೇಲ್ ಬಂತು. ಸಾಫ್ಟ್‌ವೇರ್ ಕೆಲಸದವರು, ಏಳು ಜನ ಗೆಳೆಯರ ಗುಂಪು. ನಮ್ಮ ಸನ್ನತಿ ಸಂಚಿಕೆ, ಮಳಖೇಡ ಸಂಚಿಕೆ ಎರಡನ್ನೂ ಕೇಳಿ ಖುಷಿಯಾಗಿ ಮೂರು ದಿನ ಈ ಕಡೆ ಬರ್ತೀವಿ ಅಂದ್ರು. ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿರೋ ಶಿಲ್ಪ ನೋಡಬೇಕು, ರಾಷ್ಟ್ರಕೂಟರ ಮಾನ್ಯಖೇಟ ನೋಡಬೇಕು, ಚಿಂಚೋಳಿ ಕಾಡಿಗೆ ಹೋಗಬೇಕು. ಅಲ್ಲಿವರೆಗೆ ಎಲ್ಲಾ ಚೊಲೋ ಇತ್ತು. ಕೊನೆಗೆ ಒಂದು ಸಾಲು: ‘ರಾತ್ರಿ ಒಂದು ಲೋಕಲ್ ಬಾರಿಗೆ ಕರಕೊಂಡು ಹೋಗಿ. ಎಸಿ ಬಾರ್ ಬೇಡ. ಕಲ್ಲಿನ ಕೆಲಸದವರು, ಹಮಾಲರು ಕೂತು ಕುಡಿಯೋ ಜಾಗ ಇರುತ್ತಲ್ಲ, ಅಂಥದ್ದು.’ ಅವರಲ್ಲಿ ಒಬ್ಬರು ಹಿಂದಿನ ವರ್ಷ ಬಾರ್ಬಡೋಸ್‌ಗೆ ಹೋಗಿದ್ದರಂತೆ. ಅಲ್ಲಿ ಬಡವರ ಓಣಿಯ ರಮ್ ಶಾಪ್‌ನಲ್ಲಿ ಕೂತದ್ದೇ ಇಡೀ ಪ್ರವಾಸದ ಒಳ್ಳೆಯ ಸಂಜೆ ಅಂತ ನಾಲ್ಕು ಫೋಟೋ ಕಳಿಸಿದ್ರು. ಬಣ್ಣ ಬಳಿದ ಮರದ ಗೋಡೆ, ಬೆಂಚು, ಡಾಮಿನೋ ಆಡೋ ಮುದುಕರು. ತಲೆಗೆ ಎರಡು ಸಾವಿರ ಕೊಡ್ತೀವಿ ಅಂದ್ರು. ಏಳು ಎರಡ್ಲೆ ಹದಿನಾಲ್ಕು.

ನಾನು ಬಿ.ಕಾಂ ಓದಿದವನು. ಹದಿನಾಲ್ಕು ಸಾವಿರ ಅಂದ ಕೂಡಲೇ ತಲೆಯಲ್ಲಿ ಹೊಸ ಮೈಕ್ ಬಂತು. ಆಯ್ತು ಅಂದುಬಿಟ್ಟೆ.

ಆಮೇಲೆ ಎಲ್ಲಿಗೆ ಕರಕೊಂಡು ಹೋಗೋದು ಅಂತ ಯೋಚನೆ ಮಾಡೋಕೆ ಕೂತೆ. ಶಹಾಬಾದ್‌ನಲ್ಲಿ? ವಾಡಿ ಸ್ಟೇಷನ್ ಹಿಂದೆ? ಸೇಡಂನಲ್ಲಿ ನಮ್ಮದೇ ಓಣಿ? ಆಗ ಹೊಳೆದದ್ದು ಏನಂದ್ರೆ, ಅವರು ಕೇಳ್ತಿರೋ ಜಾಗ ಈಗ ಇಲ್ಲವೇ ಇಲ್ಲ. ಇತ್ತು. ಹೋಯ್ತು. ಯಾವಾಗ ಹೋಯ್ತು, ಯಾಕೆ ಹೋಯ್ತು ಅಂತ ಹುಡುಕ್ತಾ ಹೋದಾಗ ಇನ್ನೊಂದು ಸಿಕ್ತು. ನಮ್ಮ ಕಡೆ ಬಡವರ ಓಣಿಗೆ ಹೊರಗಿನವರು ಕುಡಿಯೋಕೆ ಬರೋದು ಹೊಸದೇನಲ್ಲ. ನೂರೈವತ್ತು ವರ್ಷದಿಂದ ಬರ್ತಾನೇ ಇದ್ದಾರೆ.

ಮೊದಲು ಶಬ್ದಗಳ ಮಾತು. ನಮ್ಮ ಕಡೆ ಕಳ್ಳಿಗೆ ಸೇಂದಿ ಅಂತೀವಿ. ಈಚಲು ಮರಕ್ಕೆ ಉರ್ದುವಿನಲ್ಲಿ ಸೇಂಧಿ ಅಂತಾರೆ, ಅದರ ರಸ ಸೇಂದಿ. ತಾಳೆ ಮರದ್ದು ತಾಡಿ. ಇಂಗ್ಲಿಷಿನವರ ಟಾಡಿ ಅನ್ನೋ ಮಾತು ಈ ತಾಡಿಯಿಂದಲೇ ಹೋದದ್ದು. ಅವರ ಊರಲ್ಲಿ ಚಳಿಗೆ ವಿಸ್ಕಿ, ಬಿಸಿನೀರು, ನಿಂಬೆ ಹಾಕಿ ಕುಡಿಯೋದಕ್ಕೆ ಇವತ್ತಿಗೂ ಹಾಟ್ ಟಾಡಿ ಅಂತಾರಲ್ಲ, ಆ ಹೆಸರು ನಮ್ಮ ಮರದ್ದು. ‘ಪಂಚ್’ ಅನ್ನೋ ಪಾನೀಯದ ಹೆಸರೂ ಹಿಂದೂಸ್ತಾನಿಯ ‘ಪಾಂಚ್’ನಿಂದ, ಅಂದ್ರೆ ಐದು ಪದಾರ್ಥದಿಂದ ಬಂದದ್ದು ಅನ್ನೋದು ಪ್ರಚಲಿತ ಮಾತು. ಈಸ್ಟ್ ಇಂಡಿಯಾ ಕಂಪನಿಯ ನಾವಿಕರು ಅದನ್ನ 17ನೇ ಶತಮಾನದಲ್ಲಿ ಹಡಗು ಹತ್ತಿಸಿದ್ರು. ಕೆರಿಬಿಯನ್‌ಗೆ ಹೋದ ಮೇಲೆ ಅದೇ ರಮ್ ಪಂಚ್ ಆಯ್ತು. ಈಗ ಬಾರ್ಬಡೋಸ್‌ನಲ್ಲಿ ನಮ್ಮ ಬೆಂಗಳೂರಿನ ಗೆಳೆಯರು ಕುಡಿದದ್ದು ಅದನ್ನೇ ಇರಬೇಕು.

ಇನ್ನು ಜಾಗ. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿ ಎಲ್ಲಾ 1948ರ ಸೆಪ್ಟೆಂಬರ್ ತನಕ ನಿಜಾಮರ ರಾಜ್ಯ. ಅಬಕಾರಿ ಆ ಸರಕಾರದ ದೊಡ್ಡ ಆದಾಯಗಳಲ್ಲಿ ಒಂದು. ಸೇಂದಿ ಅಂಗಡಿ ಹರಾಜಾಗೋದು, ಗುತ್ತಿಗೆದಾರ ಹಿಡಿಯೋದು, ಕಲಾಲರು ಮಾರೋದು, ಈಳಿಗೇರು ಮರ ಹತ್ತೋದು. ಇದರ ಜೊತೆ ಇಪ್ಪೆ ಹೂವಿನ ಸಾರಾಯಿ. ಮರದ ಮೇಲೆ ತೆರಿಗೆ, ಗಡಿಗೆಯ ಮೇಲೆ ತೆರಿಗೆ, ಅಂಗಡಿಯ ಮೇಲೆ ತೆರಿಗೆ. ಕುಡಿಯೋನು ಮಾತ್ರ ಒಬ್ಬನೇ, ಕೂಲಿಯವನು.

ಈ ಲೆಕ್ಕದೊಳಗೆ ಹೊರಗಿನವರನ್ನು ತಂದದ್ದು ರೈಲು. ಜಿ.ಐ.ಪಿ. ರೈಲ್ವೆ ಮುಂಬೈ ಕಡೆಯಿಂದ ಶಹಾಬಾದ್, ವಾಡಿ ಮೇಲೆ ಹಾದು 1871ಕ್ಕೆ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದ್‌ಗೆ ನಿಜಾಮರ ದುಡ್ಡಿನ ಲೈನ್ ತೆರೆಯಿತು. ಮುಂಬೈನಿಂದ ಹೈದರಾಬಾದ್‌ಗೆ ಹೋಗೋ ಸಾಹೇಬ, ಸಿಕಂದರಾಬಾದ್ ದಂಡಿಗೆ ಹೋಗೋ ಸಿಪಾಯಿ, ವ್ಯಾಪಾರಿ, ಎಲ್ಲರಿಗೂ ವಾಡಿ ದಾರಿ ಕವಲೊಡೆಯೋ ಜಾಗ ಆಯ್ತು. ಗಾಡಿಗಾಗಿ ಕಾಯೋ ಊರು. ಈಗಲೂ ಅಷ್ಟೇ ಅಲ್ಲೇನ್ರಿ? ವಾಡಿಯಲ್ಲಿ ಕಾಯದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ?

ವಾಡಿಯ ವಿಶೇಷ ಇನ್ನೊಂದು. ಜಿ.ಐ.ಪಿ. ಹಳಿ ಹಾಯ್ದ ಜಮೀನಿನ ಮೇಲೆ ಬ್ರಿಟಿಷರ ಅಧಿಕಾರ. ಹಳಿ ದಾಟಿ ಊರೊಳಗೆ ಬಂದ್ರೆ ನಿಜಾಮರ ಅಧಿಕಾರ. ನಿಜಾಮರ ರಾಜ್ಯದ ರೈಲ್ವೆ ಜಮೀನಿನಲ್ಲಿ ಬ್ರಿಟಿಷರ ಕೈ ಎಷ್ಟು ಉದ್ದ ಅನ್ನೋದೇ ಒಂದು ದೊಡ್ಡ ತಕರಾರಾಗಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, ರೈಲ್ವೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಅಂತ 1897ರಲ್ಲಿ ತೀರ್ಪಾಯ್ತು. ದುಡ್ಡೂ ಎರಡು. ಬ್ರಿಟಿಷ್ ರೂಪಾಯಿಗೆ ಕಲದಾರ್ ಅನ್ನೋರು, ನಿಜಾಮರದ್ದು ಹಾಲಿ ಸಿಕ್ಕಾ. 20ನೇ ಶತಮಾನದಲ್ಲಿ ನೂರು ಕಲದಾರ್‌ಗೆ ಹೆಚ್ಚುಕಡಿಮೆ 116 ಚಿಲ್ಲರೆ ಹಾಲಿ. ಕಲದಾರ್ ಇಟ್ಟುಕೊಂಡು ಗಾಡಿ ಇಳಿದವನಿಗೆ ಊರಿನ ಸೇಂದಿ ತನ್ನಿಂತಾನೇ ಅಗ್ಗ. ಈಗ ಡಾಲರ್ ಹಿಡಿದು ಕೆರಿಬಿಯನ್‌ಗೆ ಹೋದವನಿಗೆ ರಮ್ ಅಗ್ಗ ಅನಿಸೋದು, ಬೆಂಗಳೂರಿನ ಸಂಬಳ ಹಿಡಿದು ಬಂದವನಿಗೆ ನಮ್ಮ ಊರು ಅಗ್ಗ ಅನಿಸೋದು ಇದೇ ಲೆಕ್ಕ. ನನಗೆ ಈ ವಿನಿಮಯ ದರದ ಮಾತು ಬಹಳ ಇಷ್ಟ, ಆದರೆ ಮುಂದೆ ಹೋಗೋಣ.

ಶಹಾಬಾದ್ ಕಡೆ ಫರಸಿ ಕಲ್ಲಿನ ಖಣಿ, ಸಿಮೆಂಟು. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಹತ್ತು ಕಂಪನಿ ಸೇರಿ ಎ.ಸಿ.ಸಿ. ಆದಾಗ ಅದರೊಳಗೆ ಬಂತು. ವಾಡಿಗೆ ಫ್ಯಾಕ್ಟರಿ ಬಂದದ್ದು 1968ರಲ್ಲಿ. ಸೇಡಂ, ಮಳಖೇಡಕ್ಕೆ 1980ರ ದಶಕದಲ್ಲಿ. ಕಲ್ಲಿನ ಕೆಲಸ ಇದ್ದಲ್ಲಿ ಶನಿವಾರ ಪಗಾರ, ಪಗಾರ ಇದ್ದಲ್ಲಿ ಅಂಗಡಿ. ಕಲ್ಲಿನ ಊರಲ್ಲಿ ಕಳ್ಳಿಗೇನು ಬರ ಅಂತ ನಮ್ಮ ಮಾಮಾ ಹಾಸ್ಯ ಮಾಡ್ತಾನೆ, ಕ್ಷಮಿಸಿಬಿಡಿ.

ಕೆರಿಬಿಯನ್ ಕಥೆ ಓದಿದಾಗ ಇದೇ ಕಂಡಿತು. ಬಾರ್ಬಡೋಸ್‌ನಲ್ಲಿ 1640ರ ದಶಕದಿಂದ ಕಬ್ಬು, ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಬೆಲ್ಲದ ಕಾಕಂಬಿಯಿಂದ ತೆಗೆದ ಸಾರಾಯಿಯೇ ರಮ್, ಮೊದಮೊದಲು ಅದಕ್ಕೆ ‘ಕಿಲ್ ಡೆವಿಲ್’ ಅನ್ನೋರು. ಗುಲಾಮಗಿರಿ 1830ರ ದಶಕದಲ್ಲಿ ಹೋದ ಮೇಲೆ ಬ್ರಿಟಿಷ್ ಗಯಾನಾ, ಟ್ರಿನಿಡಾಡ್‌ಗೆ ಕರಾರಿನ ಮೇಲೆ ನಮ್ಮ ದೇಶದ ಕೂಲಿಯವರನ್ನ ಒಯ್ದರು. ಗಯಾನಾಕ್ಕೆ 1838ರಲ್ಲಿ, ಟ್ರಿನಿಡಾಡ್‌ಗೆ 1845ರಲ್ಲಿ ಮೊದಲ ಹಡಗು. ಕಬ್ಬಿನ ತೋಟದ ಪಕ್ಕದಲ್ಲೇ ರಮ್ ಶಾಪ್. ಗಯಾನಾದಲ್ಲಿ ಬಹುತೇಕ ಅಂಗಡಿ ನಡೆಸಿದ್ದು ಮದೀರಾ ದ್ವೀಪದಿಂದ ಬಂದ ಪೋರ್ಚುಗೀಸರು. ಹಗಲು ಕೊಟ್ಟ ಕೂಲಿ ರಾತ್ರಿ ಅಂಗಡಿಗೆ, ಅಂಗಡಿಯ ಲೈಸೆನ್ಸ್ ದುಡ್ಡು ಸರಕಾರಕ್ಕೆ. ಅದೇ ಅಂಗಡಿಯಲ್ಲಿ ಅಕ್ಕಿ, ಹಿಟ್ಟು, ಉಪ್ಪು ಮೀನು, ಉದ್ರಿ, ಊರಿನ ಸುದ್ದಿ ಎಲ್ಲಾ ಸಿಗ್ತಿತ್ತು ಅನ್ನೋದೂ ಖರೆ. ಜನ ಅದನ್ನ ತಮ್ಮ ಜಾಗ ಮಾಡಿಕೊಂಡ್ರು. ಪ್ರವಾಸಿಗರಿಗೆ ಫೋಟೋದಲ್ಲಿ ಕಾಣೋದು ಈ ಎರಡನೇದು ಮಾತ್ರ.

ಬಡವರ ಓಣಿ ನೋಡೋಕೆ ಹೋಗೋ ಚಟವೂ ಹಳೇದೇ. 1880ರ ದಶಕದಲ್ಲಿ ಲಂಡನ್ನಿನ ಶ್ರೀಮಂತರು ಈಸ್ಟ್ ಎಂಡ್‌ನ ಕೊಳೆಗೇರಿಗೆ, ಅಲ್ಲಿನ ಕುಡುಕರ ಅಡ್ಡೆಗಳಿಗೆ ಗುಂಪು ಕಟ್ಟಿಕೊಂಡು ಹೋಗೋದು ಫ್ಯಾಷನ್ ಆಗಿತ್ತು. ಅದಕ್ಕೆ ‘ಸ್ಲಮ್ಮಿಂಗ್’ ಅಂತ ಒಂದು ಹೆಸರೇ ಹುಟ್ಟಿತು. ಕೆಲವರು ದಾನ ಮಾಡೋಕೆ ಹೋದ್ರು, ಕೆಲವರು ಸುಮ್ಮನೆ ನೋಡೋಕೆ. ನ್ಯೂಯಾರ್ಕ್‌ಗೂ ಆ ಚಟ ಹೋಯ್ತು.

ವಾಪಸ್ ನಮ್ಮ ಊರಿಗೆ ಬರೋಣ. 1947–48ರಲ್ಲಿ ಸ್ವಾಮಿ ರಮಾನಂದ ತೀರ್ಥರ ಮುಂದಾಳತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಚಳವಳಿ ಮಾಡಿದಾಗ ಜನ ಎರಡು ವಸ್ತುವಿನ ಮೇಲೆ ಬಿದ್ದರು. ಒಂದು ಕರೋಡಗಿರಿ ನಾಕಾ, ಅಂದ್ರೆ ಸುಂಕದ ಕಟ್ಟೆ. ಇನ್ನೊಂದು ಈಚಲು ಮರ. ನಿಜಾಮರ ಬೊಕ್ಕಸಕ್ಕೆ ಪೆಟ್ಟು ಕೊಡಬೇಕು ಅಂದ್ರೆ ಸೇಂದಿ ಮರ ಕಡೀಬೇಕು ಅಂತ ಸತ್ಯಾಗ್ರಹವೇ ನಡೀತು. ಶಾಲೆಯಲ್ಲಿ ಸೆಪ್ಟೆಂಬರ್ 17ಕ್ಕೆ ಭಾಷಣ ಮಾಡಿದಾಗ ನಾನೂ ಇದನ್ನ ಜೋರಾಗಿ ಹೇಳಿದ್ದೆ. ಆ ಮರ ಹತ್ತಿ ಹೊಟ್ಟೆ ಹೊರೆಯೋನು ಆ ವರ್ಷ ಏನು ತಿಂದ ಅನ್ನೋ ಪ್ರಶ್ನೆ ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಿಜಾಮರು ಹೋದ್ರು, ಆದರೆ ಗಡಿ ಹೋಗಲಿಲ್ಲ. ಬಾಂಬೆ ರಾಜ್ಯದಲ್ಲಿ 1949ರ ಕಾಯ್ದೆಯ ಪ್ರಕಾರ ಪಾನನಿರೋಧ ಬಂತು. ಸೊಲ್ಲಾಪುರ, ವಿಜಯಪುರ ಒಣ ಜಿಲ್ಲೆ. ಕಲಬುರಗಿ ಹೈದರಾಬಾದ್ ರಾಜ್ಯದ್ದು, ಹಸಿ ಜಿಲ್ಲೆ. 1956ರ ನವೆಂಬರ್ 1ಕ್ಕೆ ವಿಜಯಪುರ, ಕಲಬುರಗಿ ಎರಡೂ ಒಂದೇ ಮೈಸೂರು ರಾಜ್ಯಕ್ಕೆ ಸೇರಿದ್ವು, ಆದರೂ ಒಂದೇ ರಾಜ್ಯದೊಳಗೆ ಇಲ್ಲಿ ಒಂದು ಕಾನೂನು, ಅಲ್ಲಿ ಒಂದು ಕಾನೂನು ಕೆಲವು ವರ್ಷ ನಡೀತು. ಮೈಸೂರು ಸರಕಾರ ಪಾನನಿರೋಧವನ್ನ ಕೈಬಿಟ್ಟದ್ದು 1960ರ ದಶಕದ ಕೊನೆಗೆ. ಸೊಲ್ಲಾಪುರದಿಂದ ಗಾಡಿ ಹತ್ತಿದ್ರೆ ಸೀದಾ ಶಹಾಬಾದ್, ವಾಡಿ. ನಮ್ಮ ಓಣಿಯ ಒಬ್ಬ ನಿವೃತ್ತ ಗ್ಯಾಂಗ್‌ಮನ್ ಮುತ್ಯಾ ತಮ್ಮ ಅಪ್ಪನಿಂದ ಕೇಳಿದ ಮಾತು ಹೇಳಿದ್ರು: ‘ಮರಾಠಿ ಮಂದಿ ಮುಂಜಾನಿ ಗಾಡಿಗಿ ಬರೋರು, ಸಂಜಿ ಗಾಡಿಗಿ ಹೋಗೋರು. ಕೈಯಾಗ ಚೀಲ ಇರ್ತಿತ್ತು, ಆದ್ರ ಸಂತಿ ಮಾಡ್ತಿರಲಿಲ್ಲ.’

ಈಗ ನನ್ನ ಆಯಿ ಕಥೆ. ಇದನ್ನೇ ಹೇಳೋಕೆ ಇಷ್ಟು ದೂರ ಬಂದೆ.

ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನೋ ಹಳ್ಳಿಯ ಹೆಂಗಸರು ಅಕ್ಷರ ಕಲಿಯೋಕೆ ರಾತ್ರಿ ಶಾಲೆಗೆ ಹೋಗ್ತಾ ಇದ್ದರು. ಅವರ ಪುಸ್ತಕದಲ್ಲಿ ಸೀತಮ್ಮ ಅನ್ನೋಳ ಪಾಠ. ಹಳ್ಳಿಯ ಹೆಂಗಸರು ಒಂದಾಗಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ. ಓದಿದವರು ಸುಮ್ಮನೆ ಕೂರಲಿಲ್ಲ, ರೋಸಮ್ಮ ಮುಂದಾಗಿ ಅದನ್ನ ಖರೆನೇ ಮಾಡಿಬಿಟ್ಟರು. 1992ರ ಹೊತ್ತಿಗೆ ಆಂಧ್ರದ ಎಲ್ಲಾ ಕಡೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ಬಂದ್. ಎನ್.ಟಿ. ರಾಮರಾವ್ ಗೆದ್ದು ಬಂದ ಮೇಲೆ 1995ರ ಜನವರಿಯಿಂದ ಬ್ರಾಂಡಿ, ವಿಸ್ಕಿಯೂ ಬಂದ್. 1997ರಲ್ಲಿ ಚಂದ್ರಬಾಬು ನಾಯ್ಡು ಸರಕಾರ ಅದನ್ನ ಸಡಿಲ ಮಾಡೋ ತನಕ ಎರಡು ವರ್ಷದ ಮೇಲೆ ಆಂಧ್ರ ಒಣಗಿತ್ತು. ತಾಂಡೂರು, ಕೊಡಂಗಲ್, ಬಶೀರಾಬಾದ್ ಎಲ್ಲಾ ಒಣ. ಸೇಡಂ, ಚಿಂಚೋಳಿ ಹಸಿ. ನಡುವೆ ಒಂದು ಗೆರೆ, ಅದೂ ಎಷ್ಟೋ ಕಡೆ ಹೊಲದ ಬದು.

ನನ್ನ ಮುತ್ಯಾ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸೋ ಕೆಲಸ ಮಾಡ್ತಿದ್ದ. ಆಯಿ ಸೇಡಂನಲ್ಲಿ ನಮ್ಮ ಓಣಿಯ ಸಾರಾಯಿ ಅಂಗಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂರ್ತಿದ್ದಳು. ಕುದಿಸಿದ ತತ್ತಿ, ಕಡ್ಲಿ ಉಸುಳಿ, ಮಿರ್ಚಿ ಭಜಿ, ಭಾನುವಾರ ಬೋಟಿ. 1995ರಿಂದ ಪ್ಯಾಸೆಂಜರ್ ಗಾಡಿಗೆ, ಬಸ್ಸಿಗೆ, ಸೈಕಲ್ ಮೇಲೆ ಆ ಕಡೆಯವರು ಬರೋಕೆ ಶುರುವಾಯ್ತು. ‘ಆ ಕಡೆಯವರು’ ಅನ್ನೋದು ಆಯಿ ಮಾತು. ತೆಲುಗು ಮಂದಿ ಅನ್ನೋದಿಲ್ಲ, ಯಾಕಂದ್ರೆ ತೆಲುಗು ನಮ್ಮ ಓಣಿಯಲ್ಲೂ ಆಡ್ತಾರೆ, ಆಯಿಯ ತವರುಮನೆ ತಾಂಡೂರು ಹತ್ತಿರದ್ದೇ.

ಆಯಿಗೆ ಓದು ಬರೋದಿಲ್ಲ. ನಮ್ಮಪ್ಪ ಆಗ ಹತ್ತನೆತ್ತೆ ಫೇಲಾಗಿ ಮನೆಯಲ್ಲಿದ್ದ. ಅವನೇ ಲೆಕ್ಕ ಬರೀತಿದ್ದ. ಎರಡು ನೂರು ಪುಟದ ಆ ಪುಸ್ತಕ ಟ್ರಂಕಿನಲ್ಲಿ ಸಿಕ್ಕಿತು. ಮೊದಲ ಹಾಳೆಗೆ ಅರಿಶಿನ, ಮೇಲೆ ‘ಶ್ರೀ’. ಬಿ.ಕಾಂ ಮೂರು ವರ್ಷ ಓದಿದ ನಾನು ಆ ಪುಸ್ತಕ ನೋಡಿ ದಂಗಾಗಿ ಕೂತೆ. ಎರಡು ಕಲಮು: ‘ನಮ್ಮೋರು’, ‘ಆ ಕಡೇರು’. ತತ್ತಿ ನಮ್ಮೋರಿಗೆ ಒಂದೂವರೆ ರೂಪಾಯಿ, ಆ ಕಡೇರಿಗೆ ಎರಡು. ನಮ್ಮೋರದ್ದು ಬಹುತೇಕ ಉದ್ರಿ, ಶನಿವಾರ ವಸೂಲಿ. ಆ ಕಡೇರದ್ದು ಪೂರಾ ನಗದು. ಕಾಲೇಜಿನಲ್ಲಿ ಬೆಲೆ ತಾರತಮ್ಯ ಅಂತ ಒಂದು ಇಡೀ ಅಧ್ಯಾಯ ಬಾಯಿಪಾಠ ಮಾಡಿದ್ದೆ. ಆಯಿ ಅದನ್ನ ಬುಟ್ಟಿ ಮುಂದೆ ಕೂತು ಮಾಡ್ತಿದ್ದಳು.

1996ರ ಮಾರ್ಚ್ ತಿಂಗಳು ಪೂರಾ ಕೂಡಿಸಿ ನೋಡಿದೆ. ಖರ್ಚು ಕಳೆದು ಆ ಕಡೇರಿಂದ ಉಳಿದದ್ದು 1,140 ರೂಪಾಯಿ. ನಮ್ಮೋರಿಂದ 470, ಅದರಲ್ಲಿ ಅರ್ಧ ವಸೂಲಾಗಿಲ್ಲ. ಪುಟದ ಬಲಗಡೆ ಕೊನೆಗೆ ಇನ್ನೊಂದು ಸಣ್ಣ ಕಲಮು ಇದೆ. ತಲೆಬರಹ ‘ಅಪ್ಪ’. ದಿನಾ 15, 20, 25. ತಿಂಗಳ ಒಟ್ಟು 610. ಮುತ್ಯಾ ಬುಟ್ಟಿಯ ಡಬ್ಬಿಯಿಂದ ತೆಗೆದು ಅದೇ ಅಂಗಡಿಯ ಒಳಗೆ ಕೊಟ್ಟದ್ದು.

ಅಪ್ಪನಿಗೆ ತೋರಿಸಿದೆ. ‘ಮೂರನೇ ಕಲಮು ಆಯಿಗಿ ಗೊತ್ತಿತ್ತೇನು?’ ಅಂತ ಕೇಳಿದೆ. ‘ಓದ್ಲಾಕ ಬರ್ತಿರಲಿಲ್ಲಲ್ಲೋ, ಅದಕ್ಕ ಬರದೀನಿ’ ಅಂದ. ಇಷ್ಟೇ ಮಾತು.

ಮುತ್ಯಾ 1999ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ಸತ್ತ. ನನಗೆ ಎರಡು ವರ್ಷ. ನಮ್ಮ ಮನೆಯ ಮುಂದಿನ ಎರಡು ಅಂಕಣದ ಫರಸಿ, ಬಾಗಿಲ ಚೌಕಟ್ಟು ಆ ಎರಡು ವರ್ಷದ ತತ್ತಿ ದುಡ್ಡಿನದ್ದು. ಮುತ್ಯಾ ಸತ್ತದ್ದೂ ಆ ಅಂಗಡಿಯಿಂದ, ಮನೆ ನಿಂತದ್ದೂ ಆ ಅಂಗಡಿಯ ಮುಂದಿನಿಂದ. ಇದನ್ನ ನಾನು ಎರಡು ಸಲ ಬರೆದು ಎರಡು ಸಲ ಅಳಿಸಿದ್ದೆ. ಆಯಿ ಹೇಳು ಅಂದಿದ್ದಾಳೆ, ಹಾಗಾಗಿ ಹೇಳ್ತಿದ್ದೀನಿ.

ಆಯಿಯ ಜೊತೆ ರೆಕಾರ್ಡ್ ಮಾಡಿದ್ದು ನೀವು ಆಡಿಯೋದಲ್ಲಿ ಕೇಳಬಹುದು. ಓದೋರಿಗಾಗಿ ಸ್ವಲ್ಪ ಇಲ್ಲಿ ಹಾಕ್ತೀನಿ.

‘ಆ ಕಡೆಯವ್ರು ಹೆಂಗ ಇರ್ತಿದ್ರು ಆಯಿ?’

‘ಹೆಂಗ ಇರ್ತಾರ? ಮನಷ್ಯಾರೇ. ಮಾರಿ ಮ್ಯಾಲ ಟಾವೆಲ್ ಹಾಕ್ಕೊಂಡು ಬರೋರು. ನಮ್ಮೂರಾಗ ಬೀಗರು ಇದ್ರ ನೋಡ್ಯಾರು ಅಂತ. ಸಂದ್ಯಾಗ ನಿಂತು ಗಪ್ ಅಂತ ಕುಡಿಯೋರು, ಒಂದು ತತ್ತಿ ತಿಂದು ಹೋಗೋರು. ಕೆಲವ್ರು ಅಳೋರು.’

‘ಯಾಕ ಅಳೋರು?’

‘ಕುಡದ್ರ ಅಳು ಬರ್ತದ. ನಿಮ್ಮ ಮುತ್ಯಾನೂ ಅಳ್ತಿದ್ದ. ಒಬ್ಬ ಮುದುಕ, ತಾಂಡೂರು ಫರಸಿ ಖಣ್ಯಾಗ ದುಡಿಯೋಂವ, ನಿಮ್ಮ ಮುತ್ಯಾನ ಸಂಗಾಟ ದಿನಾ ಕುಂದರ್ತಿದ್ದ. ಇವ ಇಲ್ಲಿ ಕಲ್ಲು ಎಬ್ಬಸಂವ, ಅವ ಅಲ್ಲಿ ಕಲ್ಲು ಎಬ್ಬಸಂವ. ಇಬ್ಬರದೂ ಬಟ್ಟು ಒಂದೇ ತರ ಜಜ್ಜಿದ್ವು.’

ಬೆಂಗಳೂರಿನವರ ಮೇಲ್ ವಿಷಯ ಹೇಳಿದೆ. ಆಯಿ ಸುಮಾರು ಹೊತ್ತು ಸುಮ್ಮನಿದ್ದಳು. ‘ಅವ್ರಿಗಿ ಅಲ್ಲಿ ಸಿಗೂದಿಲ್ಲೇನು?’ ಅಂದಳು. ಸಿಗ್ತದ ಅಂದೆ. ‘ಮತ್ತ ಇಲ್ಲಿಗ್ಯಾಕ ಬರ್ತಾರ?’

ಆ ಪ್ರಶ್ನೆಗೆ ನನ್ನ ಹತ್ತಿರ ಆ ರಾತ್ರಿ ಉತ್ತರ ಇರಲಿಲ್ಲ. ಈಗಲೂ ಅರ್ಧ ಇದೆ. ಊರಲ್ಲಿ ಸಿಗದೆ ಬಂದವನಿಗೂ, ಸಿಕ್ಕರೂ ನೋಡೋಕೆ ಬಂದವನಿಗೂ ವ್ಯತ್ಯಾಸ ಇದೆ. ಮೊದಲನೇಯವನು ಕುಡಿಯೋರ ಜೊತೆ ಕುಡುಕ. ಎರಡನೇಯವನು ಟಿಕೆಟ್ ತಗೊಂಡವನು. ಹಾಗಂತ ಎರಡನೇಯವನದ್ದು ದುಡ್ಡಲ್ಲ ಅಂತ ಹೇಳೋಕಾಗುತ್ತಾ? ಕೇರಳದ ಕಳ್ಳಿನ ಶಾಪುಗಳಿಗೆ ಈಗ ಹೆಂಡತಿ ಮಕ್ಕಳ ಸಮೇತ ಪ್ರವಾಸಿಗರು ಹೋಗಿ ಮೀನು ತಿಂತಾರೆ, ಅಡುಗೆ ಮಾಡೋರಿಗೆ ಸಂಪಾದನೆ ಇದೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ನಮ್ಮ ಸೇಂದಿಗೆ ಯಾಕೆ ಆ ಭಾಗ್ಯ ಇಲ್ಲ ಅಂತ ಕೇಳಬಹುದು.

ಉತ್ತರ ಇದು. ನಮ್ಮ ಸೇಂದಿ ಬಹಳ ಮೊದಲೇ ಸತ್ತಿತ್ತು. ಬೇಡಿಕೆ ಹೆಚ್ಚು, ಮರ ಕಡಿಮೆ. ಆ ಅಂತರಕ್ಕೆ ಬಂದದ್ದು ಸಿ.ಎಚ್. ಪೌಡರ್, ಅಂದ್ರೆ ಕ್ಲೋರಲ್ ಹೈಡ್ರೇಟ್. ನೀರು, ಸಕ್ಕರಿ, ಪೌಡರ್, ನೊರೆ ಬರೋಕೆ ಇನ್ನೊಂದು ಏನೋ. ರಾಯಚೂರು ಕಡೆ ಇದು ಇವತ್ತಿಗೂ ಪೊಲೀಸ್ ಕೇಸುಗಳಲ್ಲಿ ಬರ್ತಾನೇ ಇದೆ. ಇದರ ಚಟ ಸಾರಾಯಿಗಿಂತ ಕೆಟ್ಟದು, ಏಕ್‌ದಂ ಬಿಟ್ಟರೆ ಫಿಟ್ಸ್ ಬರುತ್ತೆ, ಜನ ಹುಚ್ಚುಚ್ಚಾಗಿ ಆಡ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಬಂದಾದಾಗ ಹೈದರಾಬಾದ್‌ನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಜನ ಸಾಲುಗಟ್ಟಿದ್ದು ಅದಕ್ಕೇ. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ನಮ್ಮ ಕಡೆಯೆಲ್ಲಾ ಸೇಂದಿ ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಹೈದರಾಬಾದ್ ಶಹರದಲ್ಲಿ 2004ರಲ್ಲಿ ಮುಚ್ಚಿಸಿದ ಕಳ್ಳಿನ ಅಂಗಡಿಗಳು ತೆಲಂಗಾಣ ಆದ ಮೇಲೆ 2014ರಲ್ಲಿ ಮತ್ತೆ ತೆರೆದ್ವು. ಈಗ ಗಾಡಿ ಉಲ್ಟಾ ಹೊಡೀತಿದೆ. ಸೇಡಂ, ಚಿಂಚೋಳಿ ಹುಡುಗರು ಭಾನುವಾರ ಬೈಕ್ ಮೇಲೆ ಗೆರೆ ದಾಟಿ ಅಲ್ಲಿನ ಕಳ್ಳಿನ ಕಾಂಪೌಂಡಿಗೆ ಹೋಗ್ತಾರೆ. ಅಲ್ಲಿ ಯಾವುದೋ ಒಬ್ಬ ಆಯಿ ಇವರಿಗೆ ತತ್ತಿ ಮಾರ್ತಿರಬೇಕು, ಎಂಟಾಣೆ ಜಾಸ್ತಿ ಇಟ್ಟು.

ಸಾರಾಯಿ? 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಕೂಲಿಯವರು. ಆಮೇಲೆ ಪ್ಯಾಕೆಟ್ ಬಂತು, ಗುತ್ತಿಗೆದಾರರು ಶಾಸಕರಾದ್ರು, ಶಾಸಕರು ಗುತ್ತಿಗೆದಾರರಾದ್ರು. ಕೊನೆಗೆ ಕುಮಾರಸ್ವಾಮಿ ಸರಕಾರ 2007ರ ಜುಲೈ 1ರಿಂದ ಸಾರಾಯಿ ಬಂದ್ ಮಾಡಿತು. ಆಯಿಯ ಬುಟ್ಟಿ ಅವತ್ತಿಗೆ ಮನೆ ಸೇರಿತು. ‘ಛಲೋ ಆಯ್ತು’ ಅಂತಾಳೆ. ಸ್ವಲ್ಪ ಹೊತ್ತು ಬಿಟ್ಟು ‘ಯಾಪಾರ ಹೋಯ್ತು’ ಅಂತಾಳೆ.

ಕುಡಿತ ಹೋಗಲಿಲ್ಲ. ಅಂಗಡಿಯ ಬದಲು ಈಗ ಸಿಎಲ್-2, ಅಂದ್ರೆ ವೈನ್ ಶಾಪ್: ಕೊಳ್ಳಬಹುದು, ಅಲ್ಲಿ ಕೂತು ಕುಡಿಯೋ ಹಾಗಿಲ್ಲ. ಸಿಎಲ್-9, ಬಾರ್ ಅಂಡ್ ರೆಸ್ಟೋರೆಂಟ್: ಕೂರಬಹುದು, ಆದರೆ ಕೂಲಿಯವನಿಗೆ ಆ ರೇಟ್ ಆಗೋದಿಲ್ಲ. ಹಾಗಾಗಿ ತೊಂಬತ್ತು ಎಂಎಲ್ ಪ್ಯಾಕು ಕಿಸೆಯಲ್ಲಿ ಹಾಕಿಕೊಂಡು ಹಳಿ ಪಕ್ಕ, ಖಣಿಯ ದಂಡೆ, ಶಾಲೆಯ ಹಿಂದೆ. ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯಲ್ಲೇ ಕದ್ದು ಮಾರ್ತಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ಬಂದ್ ಮಾಡಿ ಅಂತ ನಡೆದುಕೊಂಡು ಹೋದ್ರಲ್ಲ, ಅದರಲ್ಲಿ ರಾಯಚೂರು ಕಡೆಯವರು ಬಹಳ ಇದ್ದರು. ಸರಕಾರ ಕೇಳಿಸಿಕೊಂಡಿತು. 2025–26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40 ಸಾವಿರ ಕೋಟಿ ರೂಪಾಯಿ. ನಿಜಾಮರಿದ್ದಿದ್ದರೆ ಮೂಗಿನ ಮೇಲೆ ಬೆರಳಿಡ್ತಿದ್ದರು.

ಅಂದ್ರೆ ಬೆಂಗಳೂರಿನ ಗೆಳೆಯರು ಕೇಳಿದ ಬೆಂಚು, ಗೋಡೆ, ಡಾಮಿನೋ ಆಡೋ ಮುದುಕರು ನಮ್ಮಲ್ಲಿ ಇಲ್ಲ. ಇರೋದು ಕತ್ತಲೆಯಲ್ಲಿ ನಿಂತು ಕುಡಿಯೋ ಜನ. ಅವರ ಮುಂದೆ ಏಳು ಜನರನ್ನ ನಿಲ್ಲಿಸಿ ನಾನು ಏನು ವಿವರಣೆ ಕೊಡಲಿ? ಇವರು ನಮ್ಮಪ್ಪನ ಜೊತೆ ಪಾಲಿಷಿಂಗ್ ಯುನಿಟ್‌ನಲ್ಲಿ ಇದ್ದೋರು, ಇವರಿಗೆ ನಾನು ಕಾಕಾ ಅಂತೀನಿ, ನಮಸ್ಕಾರ ಮಾಡಿ, ಫೋಟೋ ತೆಗೀಬಹುದು, ಅಂತಲೋ?

ಆಯಿ ಒಂದು ದಾರಿ ಹೇಳಿದಳು. ‘ಓಣ್ಯಾಗ ಬ್ಯಾಡ. ನಮ್ಮ ಮನಿ ಮುಂದ ಕಟ್ಟಿ ಮ್ಯಾಲ ಕುಂದರ್ಲಿ. ನಾ ಉಸುಳಿ ಮಾಡ್ತೀನಿ, ತತ್ತಿ ಕುದಸ್ತೀನಿ, ಬೋಟಿ ತರಸು. ಕುಡಿಯೂದು ಬ್ಯಾಡ. ಆಗಿನ ಮಾತು ಬೇಕಂದ್ರ ಹೇಳ್ತೀನಿ. ರೊಕ್ಕಾ ಕೊಡ್ತಾರಂದ್ರ ಕೊಡ್ಲಿ.’ ‘ಎಷ್ಟು ತಗೋತಿ ತತ್ತಿಗಿ?’ ಅಂತ ಕೇಳಿದೆ. ನಕ್ಕಳು. ‘ಆ ಕಡೇರ ರೇಟು.’

ನಾನು ಬೆಂಗಳೂರಿನವರಿಗೆ ಉದ್ದ ಮೇಲ್ ಬರೆದೆ. ಈ ಸಂಚಿಕೆಯ ಅರ್ಧ ಅದರಲ್ಲೇ ಇತ್ತು ಅನ್ನಿ. ಬಾರ್ ಇಲ್ಲ, ಆಯಿಯ ಕಟ್ಟೆಯ ಮೇಲೆ ಊಟ, ತಲೆಗೆ 300 ರೂಪಾಯಿ ಆಯಿಗೆ, ನನಗೇನೂ ಬೇಡ. ಬಹಳ ಮರ್ಯಾದೆಯಿಂದ ಉತ್ತರ ಬಂತು. ಅರ್ಥ ಆಗುತ್ತೆ, ನಿಮ್ಮ ಭಾವನೆ ಗೌರವಿಸ್ತೀವಿ ಅಂದ್ರು. ಬಂದರು ಕೂಡ. ಸನ್ನತಿ ನೋಡಿದ್ರು, ಮಳಖೇಡ ಕೋಟೆಯ ಮೇಲೆ ಗ್ರೂಪ್ ಫೋಟೋ ಹಾಕಿದ್ರು, ನಾನು ಜೊತೆಗಿದ್ದೆ, ಒಳ್ಳೆ ಜನ. ಎರಡನೇ ದಿನ ಮಧ್ಯಾಹ್ನ ಸಮಯ ಕಡಿಮೆ ಬೀಳ್ತಿದೆ ಅಂತ ಮಳಖೇಡದಿಂದಲೇ ತಾಂಡೂರು ಮೇಲೆ ಹೈದರಾಬಾದ್ ಕಡೆ ಹೋದ್ರು.

ನಾನು ಮನೆಗೆ ಬಂದಾಗ ಆರೂವರೆ. ಆಯಿ ಕಟ್ಟೆಯ ಮೇಲೆ ಚಾಪೆ ಹಾಸಿ, ಹಳೆಯ ಬುಟ್ಟಿಯನ್ನ ತೊಳೆದು ಒಣಗಿಸಿ ಇಟ್ಟಿದ್ದಳು. ‘ಎಲ್ಲಿ ಅದಾರ?’ ಅಂದಳು. ಹೋದ್ರು ಅಂದೆ. ಒಳಗೆ ಪಾತ್ರೆಯಲ್ಲಿ ಮೂವತ್ತು ತತ್ತಿ ಕುದಿಸಿ ಆಗಿತ್ತು. ಆಯಿ ಪಕ್ಕದ ಮನೆಯ ಹುಡುಗರನ್ನ ಕರೆದು ತಲೆಗೆ ಎರಡೆರಡು ಹಂಚಿದಳು. ಉಳಿದದ್ದನ್ನ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಡಬ್ಬಿಯಲ್ಲಿ ಒಯ್ದ. ರಾತ್ರಿ ನಾನು ಮಲಗೋ ಹೊತ್ತಿಗೆ ಆಯಿ ಕೇಳಿದಳು, ‘ಆ ತತ್ತಿ ರೊಕ್ಕಾ ಯಾರ ಕಲಮಿನ್ಯಾಗ ಬರಿತಿ?’